ಠಾಣೆಗೆ ಬ್ಯಾರಿಕೇಡ್, ಪ್ರಿಂಟರ್ ಕೊಡಿಸೋಕೆ ಅಂಗಡಿಗೆ 2,000 ಕೇಳ್ತಿದಾರೆ. ಕೊಡಬೇಕಾ?

ಹಾರ್ಡ್‌ವೇರ್ ಅಂಗಡಿ (ಪ್ರಶ್ನೆ):

ನಮ್ಮದು ಮಲೆನಾಡಿನ ಒಂದು ತಾಲೂಕು ಕೇಂದ್ರ, ಊರಿನ ಹೆಸರು ಬೇಡ. ಮೊನ್ನೆ ವರ್ತಕರ ಸಂಘದ ಮೀಟಿಂಗ್‌ನಲ್ಲಿ ಮಾತು ಬಂತು. ಪೊಲೀಸ್ ಠಾಣೆಗೆ ಹತ್ತು ಬ್ಯಾರಿಕೇಡ್, ಬಸ್ ಸ್ಟ್ಯಾಂಡ್ ಸರ್ಕಲ್‌ಗೆ ನಾಲ್ಕು ಕ್ಯಾಮೆರಾ, ಜೊತೆಗೆ ಒಂದು ಪ್ರಿಂಟರ್. ಅಂಗಡಿಗೆ ತಲಾ 2,000.

ಜಾತ್ರೆಗೆ, ಗಣಪತಿಗೆ ಕೇಳಿದಾಗೆಲ್ಲ ಕೊಟ್ಟವನೇ ನಾನು. ಆದ್ರೆ ಹೋದ ಸೀಸನ್‌ನಲ್ಲಿ ನಮ್ಮನೆ ಜಗಲಿಯಿಂದ ಎರಡು ಮೂಟೆ ರಾಶಿ ಅಡಿಕೆ ಹೋಯ್ತು. ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿ ಎಚ್ಚರ ಆಗಿ 112ಕ್ಕೆ ಫೋನ್ ಮಾಡಿದೆ. ಗಾಡಿ ಬರೋಕೆ ಮುಕ್ಕಾಲು ಗಂಟೆ. ಬೆಳಿಗ್ಗೆ ದೂರು ಕೊಡೋಕೆ ಹೋದ್ರೆ "ಎರಡು ಬಿಳಿ ಹಾಳೆ ತಗೊಂಡು ಬನ್ನಿ" ಅಂದ್ರು. ನನಗೆ ಅಡಿಕೆ ಹೋಗಿದ್ದಕ್ಕಿಂತ ಆ ಹಾಳೆ ತರೋಕೆ ರಸ್ತೆ ದಾಟಿದ್ದೇ ಜಾಸ್ತಿ ಉರೀತು.

ನಿಜವಾಗ್ಲೂ ಇವರಿಗೆ ಸರ್ಕಾರ ದುಡ್ಡು ಕೊಡಲ್ವಾ? ಒಳಗಿನ ವಿಷಯ ಗೊತ್ತಿದ್ದವರು ಹೇಳಿ.

ಪೇಟೆ ಸೀನ:

ಕೊಟ್ಬಿಡಿ ಸಾರ್. ಮುಂದಿನ ಸಲ ಹೆಲ್ಮೆಟ್ ಇಲ್ದೆ ಸಿಕ್ಕಿದ್ರೆ "ಈ ಬ್ಯಾರಿಕೇಡ್ ನಂದೇ, ಸ್ವಲ್ಪ ಸರಿಸಿ" ಅನ್ಬಹುದು.

ಹಳೇ ರೈಟರ್:

ಸೀನ ತಮಾಷೆಗೆ ಹೇಳಿದ್ದು ನಿಜವಾಗಿ ನಡೆಯುತ್ತೆ, ಅದಕ್ಕೇ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ.

34 ವರ್ಷ ಸರ್ವೀಸ್ ನನ್ನದು. ಕೊನೆಯ ಆರು ವರ್ಷ ನಿಮ್ಮಂಥದ್ದೇ ಒಂದು ತಾಲೂಕು ಠಾಣೆಯಲ್ಲಿ ಸ್ಟೇಷನ್ ರೈಟರ್ ಆಗಿದ್ದೆ, ಅಂದ್ರೆ ಠಾಣೆಯ ಬರವಣಿಗೆ, ಕಡತ ನೋಡ್ಕೊಳ್ಳೋ ಪೊಲೀಸ್. 2024ರ ಡಿಸೆಂಬರ್ ಕೊನೆಗೆ ಎಎಸ್‌ಐ ಆಗಿ ರಿಟೈರ್ ಆದೆ. ಬಿಳಿ ಹಾಳೆ ತನ್ನಿ ಅಂತ ನಾನೂ ಹೇಳಿದ್ದೀನಿ. ಹೇಳುವಾಗ ಎದುರಿಗಿದ್ದವರ ಮುಖ ನೋಡ್ತಿರಲಿಲ್ಲ, ರಿಜಿಸ್ಟರ್ ನೋಡ್ತಿದ್ದೆ.

ಮೊದಲು ಆ ಮುಕ್ಕಾಲು ಗಂಟೆ. ನಮ್ಮ ಠಾಣೆಗೆ ಮಂಜೂರಾದ ಬಲ 42, ಹಾಜರಿ ಪುಸ್ತಕದಲ್ಲಿ ಇದ್ದದ್ದು 31. ಅದರಲ್ಲಿ ಕೋರ್ಟ್ ಡ್ಯೂಟಿಗೆ ಒಬ್ಬ, ಡಿವೈಎಸ್‌ಪಿ ಕಚೇರಿಗೆ ಒಬ್ಬ, ಎಸ್‌ಪಿ ಕಚೇರಿಗೆ ಒಒಡಿ (ಬೇರೆ ಕಡೆ ಡ್ಯೂಟಿ) ಮೇಲೆ ಹೋಗಿ ವಾಪಸ್ ಬರದೇ ಇದ್ದವನು ಒಬ್ಬ. ಸಮನ್ಸ್ ವಾರಂಟ್‌ಗೆ ಇಬ್ಬರು, ಸೆಂಟ್ರಿ ಮೂರು, ರೈಟರು ಕಂಪ್ಯೂಟರ್ ಸೇರಿ ಮೂವರು, 112ಕ್ಕೆ ಇಬ್ಬರು, ವಾರದ ರಜೆ ಕಾಯಿಲೆ ರಜೆ ಅಂತ ಐದು ಜನ. ಉಳಿದ 13ರಲ್ಲಿ ಹಗಲು ರಾತ್ರಿ ಹಂಚಿದರೆ ರಾತ್ರಿ ಗಸ್ತಿಗೆ ಸಿಗೋದು ನಾಲ್ಕು, ಹೆಚ್ಚಂದ್ರೆ ಐದು. ಇದು ಏನೂ ಗಲಾಟೆ ಇಲ್ಲದ ದಿನದ ಲೆಕ್ಕ.

2024ರಲ್ಲಿ ಅಂಥ ದಿನ ಎಷ್ಟಿದ್ವು? ಏಪ್ರಿಲ್ 26ಕ್ಕೆ ರಾಜ್ಯದ ಅರ್ಧ ಲೋಕಸಭಾ ಕ್ಷೇತ್ರ, ಮೇ 7ಕ್ಕೆ ಇನ್ನರ್ಧ. ಎರಡಕ್ಕೂ ನಮ್ಮವರು ಹೋದ್ರು, ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಚೆಕ್‌ಪೋಸ್ಟ್. ಸೆಪ್ಟೆಂಬರ್ 7ಕ್ಕೆ ಗಣಪತಿ, 16ಕ್ಕೆ ಈದ್ ಮಿಲಾದ್. ಗಣಪತಿ ಕೂರೋದು ಒಂದೇ ದಿನ, ಬಿಡೋದು ಮಾತ್ರ 3, 5, 9, 11, 21 ಅಂತ ದಿನಕ್ಕೊಂದು. ಆಮೇಲೆ ಮೈಸೂರು ದಸರಾ. ನವೆಂಬರ್ 13ಕ್ಕೆ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಉಪಚುನಾವಣೆ. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ. ಪಟ್ಟಿ ಬಂದಾಗ ಎಂಟು ಜನ ಅಂದ್ರೆ ಎಂಟು ಜನ ಬಸ್ ಹತ್ತಬೇಕು. ಅಡಿಕೆ ಒಣಗೋದು, ಕಳವಾಗೋದು ಕರೆಕ್ಟಾಗಿ ಅದೇ ದಿನಗಳಲ್ಲಿ. ಕಳ್ಳರಿಗೆ ನಮ್ಮ ಬಂದೋಬಸ್ತ್ ಪಟ್ಟಿ ನಮಗಿಂತ ಮೊದಲು ಗೊತ್ತಿರ್ತಿತ್ತು.

ಇನ್ನು ಹಾಳೆ. ಠಾಣೆಗೆ ಸಾದಿಲ್ವಾರು ಅಂತ, ಅಂದ್ರೆ ಚಿಲ್ಲರೆ ಖರ್ಚಿಗೆ, ಒಂದಿಷ್ಟು ದುಡ್ಡು ಬರುತ್ತೆ. ಬರೋದು ಮಳೆಗಾಲದ ಕರೆಂಟ್ ಥರ. ಆ ವರ್ಷ ಒಂದು ಜಾತ್ರೆ ಗಲಾಟೆ ಕೇಸಲ್ಲಿ ಚಾರ್ಜ್‌ಶೀಟ್ 180 ಪುಟ ಆಯ್ತು. ಆರೋಪಿಗಳು 12 ಜನ, ಎಲ್ಲರಿಗೂ ಪ್ರತಿ ಕೊಡ್ಬೇಕು. ಕೋರ್ಟಿಗೊಂದು, ನಮ್ಮ ಕಡತಕ್ಕೊಂದು. 14 ಪ್ರತಿ, 2,520 ಹಾಳೆ. 500 ಹಾಳೆಯ ಐದು ರೀಮ್ ಮುಗಿದು ಇನ್ನೂ ಇಪ್ಪತ್ತು ಹಾಳೆ ಸಾಲದೆ ಬಂತು. ಒಂದೇ ಕೇಸಿಗೆ ಸ್ವಾಮಿ!

ಜುಲೈ 1ಕ್ಕೆ ಹೊಸ ಕಾನೂನು ಬಂತು. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 105ನೇ ಸೆಕ್ಷನ್ ಪ್ರಕಾರ ಶೋಧನೆ, ಜಪ್ತಿ ಎಲ್ಲ ವಿಡಿಯೋ ಆಗ್ಬೇಕು. ಒಳ್ಳೇ ಕಾನೂನು, ನಾನು ಬೇಡ ಅನ್ನಲ್ಲ. ಆದ್ರೆ ಮೊಬೈಲ್ ಯಾರದ್ದು? ಒಂದು ಗಾಂಜಾ ಜಪ್ತಿಗೆ ಹೋದಾಗ ನಮ್ಮ ಕಾನ್‌ಸ್ಟೆಬಲ್ ಹುಡುಗ ತನ್ನ ಫೋನಲ್ಲಿ ರೆಕಾರ್ಡ್ ಶುರು ಮಾಡಿದ. ಪಂಚರ (ಜಪ್ತಿಗೆ ಸಾಕ್ಷಿಯಾಗಿ ಕರೆದವರ) ಎದುರಿಗೆ ತಕ್ಕಡಿ ಎತ್ತಿದ್ದೀವಿ, "ಸ್ಟೋರೇಜ್ ಫುಲ್" ಅಂತ ಬಂತು. ಅವನು ಅಲ್ಲೇ ಕಾಫಿ ಗಿಡದ ಬುಡದಲ್ಲಿ ಕೂತು ಮಗಳ ಮೊದಲ ಹುಟ್ಟುಹಬ್ಬದ ವಿಡಿಯೋಗಳನ್ನ ಒಂದೊಂದಾಗಿ ಅಳಿಸಿದ. ನಾವು ತಕ್ಕಡಿ ಹಿಡ್ಕೊಂಡು ನಿಂತಿದ್ವಿ. ಒಂದನ್ನ ಮಾತ್ರ ಅಳಿಸೋ ಮುಂಚೆ ಇಡೀ ನೋಡಿದ. ಯಾರೂ ಅವಸರ ಮಾಡ್ಲಿಲ್ಲ.

ವಿಸೆರಾ, ಅಂದ್ರೆ ಪರೀಕ್ಷೆಗೆ ತೆಗೆದ ಒಳಗಿನ ಅಂಗಗಳ ಮಾದರಿ, ಸಾಗಿಸೋದು ಇನ್ನೊಂದು ಕತೆ. ವಿಷ ಕುಡಿದು ಸತ್ತವರ ಪೋಸ್ಟ್‌ಮಾರ್ಟಂ ಆದ್ಮೇಲೆ ಉಪ್ಪುನೀರಿನ ಬಾಟಲಿಗಳಿಗೆ ಅರಗಿನ ಸೀಲ್ ಹಾಕಿ ದಾವಣಗೆರೆ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸ್ತೀವಿ. ಜೀಪಿಗೆ ಡೀಸೆಲ್ ಕೋಟಾ ಮುಗಿದಿದ್ರೆ ಕಾನ್‌ಸ್ಟೆಬಲ್ ಬಸ್ಸಲ್ಲೇ ಹೋಗ್ಬೇಕು. ಕಾಲಿನ ಸಂದಿಯಲ್ಲಿ ಡಬ್ಬಿ, ಮೇಲೆ ಟವೆಲ್. ಪಕ್ಕದ ಸೀಟಿನವರು ಏನಪ್ಪಾ ಅಂದ್ರೆ "ಉಪ್ಪಿನಕಾಯಿ" ಅನ್ನೋದು ನಮ್ಮಲ್ಲಿ ವಾಡಿಕೆ. ಅಲ್ಲಿ ಬಾಟಲಿ ಮೇಲಿನ ಸೀಲ್ ಜೊತೆಗೆ ಕಳಿಸಿದ ಮಾದರಿ ಸೀಲ್‌ಗೆ ಹೊಂದಲಿಲ್ಲ ಅಂತ ವಾಪಸ್ ಕಳಿಸಿದ್ರೆ ಅದೇ ಉಪ್ಪಿನಕಾಯಿ ಅದೇ ಬಸ್ಸಲ್ಲಿ ಮನೆಗೆ.

ಈಗ ನಿಮ್ಮ ಪ್ರಶ್ನೆ. ಕೊಡಬೇಕಾ?

ನಾನು ಆ ಐದು ರೀಮ್ ತಂದದ್ದು ಬಸ್ ಸ್ಟ್ಯಾಂಡ್ ಎದುರಿನ ಒಂದು ಸ್ಟೇಷನರಿ ಅಂಗಡಿಯಿಂದ, ಉದ್ರಿಗೆ. ಮಾಲೀಕರು ದುಡ್ಡು ಕೇಳಲೇ ಇಲ್ಲ, "ಇರಲಿ ಬಿಡಿ ರೈಟರೇ" ಅಂದ್ರು. ಆಮೇಲೆ ಟೋನರ್ ಕೂಡ ಅವರೇ ಕಳಿಸಿದ್ರು. ಎಂಟು ತಿಂಗಳ ನಂತರ ಒಂದು ರಾತ್ರಿ ಅವರ ಮಗ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್, ಕೋರ್ಟಿಗೆ ಹೋಗಿ 10,000 ಕಟ್ಟೋ ಕೇಸು. ಅಪ್ಪ ಬಂದ್ರು. ಶಿಫಾರಸು ಮಾಡಿಸ್ಲಿಲ್ಲ, ಜೋರು ಮಾಡ್ಲಿಲ್ಲ. ನನ್ನ ಟೇಬಲ್ ಎದುರಿಗೆ ಕೂತು ಪ್ರಿಂಟರ್ ಕಡೆ ನೋಡಿದ್ರು, ಅಷ್ಟೇ. ಪ್ರಿಂಟರ್ ಆಗ ಅವರ ಟೋನರಲ್ಲಿ ಯಾರದ್ದೋ ಎಫ್‌ಐಆರ್ ಉಗುಳ್ತಾ ಇತ್ತು.

ಕೇಸ್ ಹಾಕಿದ್ವಿ. ಹಾಕೋಕೆ ಒಂದೂವರೆ ಗಂಟೆ ಹಿಡೀತು. ಬೇರೆ ಯಾರ ಮಗ ಆಗಿದ್ರೂ ಹತ್ತು ನಿಮಿಷದಲ್ಲಿ ಮುಗೀತಿತ್ತು. ಆ ಒಂದು ಗಂಟೆ ಇಪ್ಪತ್ತು ನಿಮಿಷದ ಬೆಲೆ ಐದು ರೀಮು. ಮರುದಿನ ನನ್ನ ಕೈದುಡ್ಡಲ್ಲಿ ಬಾಕಿ ಕೊಡೋಕೆ ಹೋದೆ. ಅವರು ತಗೊಳ್ಳಲಿಲ್ಲ. ಇವತ್ತಿಗೂ ಆ ಅಂಗಡಿ ಮುಂದೆ ಹೋಗ್ಬೇಕಾದ್ರೆ ಎದುರಿನ ಫುಟ್‌ಪಾತ್ ಹಿಡಿತೀನಿ.

ಹಾಗಾಗಿ ಪ್ರಿಂಟರ್ ಕೊಡಬೇಡಿ, ಹಾಳೆ ಕೊಡಬೇಡಿ. ಟೇಬಲ್ ಮೇಲೆ ಕೂರೋ ಯಾವ ವಸ್ತುವನ್ನೂ ಕೊಡಬೇಡಿ. ಕ್ಯಾಮೆರಾ ಹಾಕೋದಾದ್ರೆ ನಿಮ್ಮ ಅಂಗಡಿಗೇ ಹಾಕಿ, ಒಂದನ್ನ ರಸ್ತೆ ಕಡೆ ತಿರುಗಿಸಿ. ನಮಗೆ ದಾನಿಗಳು ಕೊಟ್ಟ ಎಂಟು ಕ್ಯಾಮೆರಾದಲ್ಲಿ ಒಂದು ಮಳೆಗಾಲ ಕಳೆಯೋದ್ರಲ್ಲಿ ಕೆಲಸ ಮಾಡ್ತಿದ್ದದ್ದು ಮೂರು. ಎರಡಕ್ಕೆ ಸಿಡಿಲು, ಉಳಿದದ್ದಕ್ಕೆ ಮಂಗ. ರಿಪೇರಿಗೆ ಯಾವ ಹೆಡ್‌ನಲ್ಲೂ ದುಡ್ಡಿರಲಿಲ್ಲ. ಉದ್ಘಾಟನೆ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು.

ತಾಲೂಕು ಕೋರ್ಟ್ ವಕೀಲೆ:

ರೈಟರ್ ಸರ್ ಹೇಳಿದ್ದು ಮನಸ್ಸಿಗೆ ತಟ್ಟಿತು, ಆದ್ರೆ ಪೂರ್ತಿ ಒಪ್ಪಲ್ಲ. ಹಾಳೆ ಇಲ್ಲ ಅನ್ನೋದಕ್ಕೆ ಬಜೆಟ್ ಕಾರಣ, ಸರಿ. ನನ್ನ ಕಕ್ಷಿದಾರ ಹೆಂಗಸರನ್ನ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿ "ಸಾಹೇಬ್ರು ಬಂದಿಲ್ಲ" ಅಂತ ಸ್ವೀಕೃತಿ ಕೂಡ ಕೊಡದೆ ಕಳಿಸೋದಕ್ಕೆ ಯಾವ ಬಜೆಟ್ ಕಡಿಮೆ ಬಿತ್ತು?

ಹಾರ್ಡ್‌ವೇರ್ ಅಂಗಡಿಯವರಿಗೆ: ದಿನಕ್ಕೆ 500 ಜನ ಅಥವಾ ಒಮ್ಮೆಗೆ 100 ಜನ ಸೇರೋ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಟ್ಕೊಳ್ಳಬೇಕು ಅಂತ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ನಿಮ್ಮ ಊರಿನ ಕಲ್ಯಾಣ ಮಂಟಪ, ದೊಡ್ಡ ಬಟ್ಟೆ ಅಂಗಡಿ ಅದನ್ನ ಪಾಲಿಸಿದ್ರೇ ಅರ್ಧ ಊರು ಕಾಣುತ್ತೆ. ಸರ್ಕಲ್‌ಗೆ ಬೇಕೇ ಬೇಕು ಅಂದ್ರೆ ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಿ, ಅವರ ಆಸ್ತಿಯಾಗಿ ಬರಲಿ.

ಹಳೇ ರೈಟರ್:

ವಕೀಲರೇ, ಬೆಂಚಿನ ವಿಷಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಎರಡು ದಿನ ನಿದ್ದೆ ಇಲ್ಲದವನು ಸಿಡುಕ್ತಾನೆ ಅಂತ ಹೇಳ್ಬಹುದು. ನಿದ್ದೆ ಮಾಡಿ ಬಂದವರೂ ಸಿಡುಕಿದ್ದನ್ನ ನಾನೇ ನೋಡಿದ್ದೀನಿ.

ಹಾರ್ಡ್‌ವೇರ್ ಅಂಗಡಿ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೀಟಿಂಗ್‌ನಲ್ಲಿ ಪ್ರಿಂಟರ್ ಬೇಡ ಅಂದೆ. ಕಾರಣ ಕೇಳಿದ್ರು, ಟೋನರ್ ಕತೆ ಹೇಳಿದೆ (ಊರು ಹೇಳಲಿಲ್ಲ). ಒಂದಿಬ್ಬರು ನಕ್ಕರು, ಪ್ರಿಂಟರ್ ಕೈಬಿಟ್ಟರು. ಬ್ಯಾರಿಕೇಡ್ ಮಾತ್ರ ಉಳೀತು. ಬಂಗಾರದ ಅಂಗಡಿಯವರು ಎರಡೂ ಕಡೆ ತಮ್ಮ ಹೆಸರು ಬರೆಸೋದಾದ್ರೆ ಹತ್ತಕ್ಕೆ ಹತ್ತೂ ತಾವೇ ಕೊಡ್ತಾರಂತೆ. ನನ್ನ 2,000 ಉಳೀತು.

ಇನ್ನೊಂದು ವಿಷಯ. ಇವತ್ತು ಠಾಣೆಯಿಂದ ಫೋನ್ ಬಂದಿತ್ತು. ಅಡಿಕೆ ಕೇಸು ಪತ್ತೆಯಾಗಿಲ್ಲ, "ಸಿ" ರಿಪೋರ್ಟ್ ಹಾಕ್ತಿದ್ದೀವಿ, ಬಂದು ನೋಟಿಸಿಗೆ ಸಹಿ ಮಾಡಿ ಅಂತ. ಮಾಡಿದ್ರೆ ಕೇಸು ಮುಗಿದ ಹಾಗಾ?

ಹಳೇ ರೈಟರ್:

ಮುಗಿಯಲ್ಲ. "ಬಿ" ಅಂದ್ರೆ ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆ, "ಸಿ" ಅಂದ್ರೆ ಕಳವು ನಿಜ, ಕಳ್ಳ ಸಿಗಲಿಲ್ಲ. ಮುಂದೆ ಬೇರೆ ಕೇಸಲ್ಲಿ ಯಾರಾದ್ರೂ ಸಿಕ್ಕಿ ನಿಮ್ಮ ಮೂಟೆ ವಿಷಯ ಬಾಯಿಬಿಟ್ರೆ ಮತ್ತೆ ತೆಗೀತಾರೆ. ಅಡಿಕೆ ಕಳ್ಳರು ಒಂದೇ ಮನೆಗೆ ನಿಲ್ಲೋರಲ್ಲ, ಸಿಗೋ ಸಾಧ್ಯತೆ ಇದೆ. ಆದ್ರೆ ಅಷ್ಟೊತ್ತಿಗೆ ಅಡಿಕೆ ಯಾವುದೋ ಮಂಡಿ ಸೇರಿರುತ್ತೆ.

ಸಹಿ ಮಾಡೋ ಮುಂಚೆ ಪೂರ್ತಿ ಓದಿ, ನಿಮ್ಮ ಪ್ರತಿ ಕೇಳಿ ಇಸ್ಕೊಳ್ಳಿ. ಹೊರಗೆ ಹೋಗಿ ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ ಅಂದ್ರೆ ಹೋಗಬೇಡಿ, ಅಲ್ಲೇ ಕೂತಿರಿ. ರೈಟರ್ ರಿಜಿಸ್ಟರ್ ನೋಡ್ತಾ ಇರ್ತಾನೆ, ಸ್ವಲ್ಪ ಹೊತ್ತಿಗೆ ತಲೆ ಎತ್ತುತ್ತಾನೆ.