ಪದಚರ್ಚೆ: ಆಪರೇಷನ್ ಆದಮೇಲೆ ಬರುವ ಡಿಲೀರಿಯಮ್‌ಗೆ ‘ಸನ್ನಿ’ ಅಂದರೆ ಸಾಕೇ? ಜೊತೆಗೆ ಇನ್ನೂ ಮೂರು ಪದ

ಬಳಗದ ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್, ಶಸ್ತ್ರಚಿಕಿತ್ಸೆ, ಮಾನಸಿಕ ಆರೋಗ್ಯ ಈ ಮೂರೂ ಒಂದಕ್ಕೊಂದು ತಾಗುವ ಕಡೆ ನಡೆದಿರುವ ಸಂಶೋಧನೆಗಳ ಬಗ್ಗೆ ರೋಗಿಗಳೂ ಅವರ ಮನೆಯವರೂ ಓದಿಕೊಳ್ಳುವಂಥ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪದವೇ ಸಿಗದೆ ನಿಂತದ್ದು ಕಡಿಮೆ. ಅರಿವಳಿಕೆ, ಗಡ್ಡೆ, ಮೂಳೆಮಜ್ಜೆ, ಅಡ್ಡಪರಿಣಾಮ ಎಲ್ಲ ಸಲೀಸಾಗಿ ಬಂದವು. ತೊಡಕು ಇರುವುದು ಬೇರೆ ಕಡೆ. ನನಗೆ ಬೇಕಾದ ಪದ ಕನ್ನಡದಲ್ಲಿ ಇದೆ, ಆದರೆ ಅದು ಆಗಲೇ ಇನ್ನೊಂದು ಅರ್ಥದ ಮನೆ ಸೇರಿ ಕೂತುಬಿಟ್ಟಿದೆ. ಅಂಥ ನಾಲ್ಕನ್ನು ಇಲ್ಲಿ ಇಡುತ್ತಿದ್ದೇನೆ. ತಲೆ ಹೆಚ್ಚು ಕೆಡಿಸಿಕೊಂಡಿರುವುದು ಮೊದಲನೆಯದಕ್ಕೆ.

ದೊಡ್ಡ ಆಪರೇಷನ್ ಆದ ವಯಸ್ಸಾದವರಿಗೆ ಒಂದೆರಡು ದಿನದೊಳಗೆ ಇದ್ದಕ್ಕಿದ್ದಂತೆ ಬುದ್ಧಿ ಕದಡಿದಂತಾಗುವುದುಂಟು. ಮಗಳ ಗುರುತು ಹತ್ತುವುದಿಲ್ಲ. ವಾರ್ಡನ್ನು ರೈಲ್ವೆ ಸ್ಟೇಷನ್ ಅನ್ನುತ್ತಾರೆ, ಗಾಡಿ ಹೊರಟುಹೋಗುತ್ತದೆಂದು ಮಂಚದಿಂದ ಇಳಿಯಲು ನೋಡುತ್ತಾರೆ. ಕೈಗೆ ಚುಚ್ಚಿದ ಡ್ರಿಪ್ ಕಿತ್ತುಹಾಕುತ್ತಾರೆ, ಹೊದಿಕೆಯ ಮೇಲೆ ಇಲ್ಲದ ಹುಳುವನ್ನು ಬೆರಳಲ್ಲಿ ಹೆಕ್ಕುತ್ತಾರೆ. ಮರುದಿನ ಬೆಳಗ್ಗೆ ನೋಡಿದರೆ ಎಂದಿನ ಹಾಗೆ ಮಾತು, ಸಂಜೆಗೆ ಮತ್ತೆ ಅದೇ ಕಥೆ. ಇದೇ ಡಿಲೀರಿಯಮ್. ಮೊದಲೇ ದಿನ ಗೊತ್ತುಮಾಡಿ ನಡೆಸುವ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಹಿರಿಯರ ಪೈಕಿ ನೂರಕ್ಕೆ 15ರಿಂದ 25 ಮಂದಿಗೆ ಇದು ಬರುತ್ತದೆ. ಸೊಂಟದ ಮೂಳೆ ಮುರಿದಾಗ ಮಾಡುವ ಆಪರೇಷನ್, ಹೃದಯದ ಆಪರೇಷನ್ ಇಂಥವುಗಳಲ್ಲಿ ಈ ಸಂಖ್ಯೆ 50ರವರೆಗೂ ಹೋಗುತ್ತದೆ. ಅಂದರೆ ಅಪರೂಪದ ಸಂಗತಿಯಲ್ಲ. ಆದರೂ ಮನೆಯವರಿಗೆ ಮೊದಲೇ ಯಾರೂ ಹೇಳಿರುವುದಿಲ್ಲ. ಅವರು ‘ಆಪರೇಷನ್ ಮಾಡಿ ಹುಚ್ಚು ಹಿಡಿಸಿಬಿಟ್ಟರು’ ಎಂದು ಎದೆ ಒಡೆದುಕೊಳ್ಳುತ್ತಾರೆ.

ಕನ್ನಡದಲ್ಲಿ ಇದಕ್ಕೆ ತಕ್ಕ ಮಾತು ‘ಸನ್ನಿ’. ಜ್ವರ ನೆತ್ತಿಗೇರಿ ಬಡಬಡಿಸುವುದಕ್ಕೆ ‘ಸನ್ನಿ ಹಿಡಿಯಿತು’ ಅನ್ನುತ್ತೇವೆ, ಹೆರಿಗೆಯ ನಂತರ ಬರುವುದಕ್ಕೆ ‘ಬಾಣಂತಿ ಸನ್ನಿ’ ಇದೆ. ಇದು ‘ಸನ್ನಿಪಾತ’ದಿಂದ ಇಳಿದು ಬಂದ ಪದ: ವಾತ, ಪಿತ್ತ, ಕಫ ಮೂರೂ ಒಟ್ಟೊಟ್ಟಿಗೆ ಕೆರಳಿ ಮೈಮೇಲೆ ಬೀಳುವುದು. ಹಳೆಯ ವೈದ್ಯದ ವಿವರಣೆಯನ್ನು ನಾವು ಒಪ್ಪಬೇಕಾಗಿಲ್ಲ, ಆದರೆ ಪದದ ಒಳಗಿನ ಚಿತ್ರ ಇಂದಿನ ತಿಳಿವಳಿಕೆಗೆ ಎಷ್ಟು ಹತ್ತಿರ ನೋಡಿ. ಡಿಲೀರಿಯಮ್‌ಗೆ ಒಂದೇ ಕಾರಣ ಅಂತ ಇರುವುದೇ ಕಡಿಮೆ. ಸೋಂಕು, ಮೈಯಲ್ಲಿ ನೀರಿನಂಶ ಇಳಿದಿರುವುದು, ನೋವು, ನಿದ್ದೆಗೇಡು, ಕೆಲವು ನಿದ್ದೆಮಾತ್ರೆ, ನೋವುಮಾತ್ರೆ, ಮೊದಲಿಂದ ಇದ್ದ ಮರೆವು, ಕನ್ನಡಕವನ್ನೋ ಕಿವಿಯ ಯಂತ್ರವನ್ನೋ ತೆಗೆದಿಟ್ಟಿರುವುದು, ಇವು ಹಲವು ಕೂಡಿ ಒಟ್ಟಿಗೆ ಬೀಳುತ್ತವೆ. ಲ್ಯಾಟಿನ್ ಮೂಲದ ಡಿಲೀರಿಯಮ್‌ಗೆ ನೇಗಿಲು ಸಾಲು ಬಿಟ್ಟು ಹೋಗುವುದು ಎಂಬ ಅರ್ಥ. ಚೆಂದದ ಚಿತ್ರವೇ, ಆದರೆ ಕಾರಣದ ಸುಳಿವು ನಮ್ಮ ಪದದಲ್ಲೇ ಹೆಚ್ಚು.

ಹಾಗಾದರೆ ‘ಸನ್ನಿ’ ಅಂತಲೇ ಬರೆದು ಮುಗಿಸಬಹುದಲ್ಲ? ಎರಡು ಅಡ್ಡಿ. ಮೊದಲನೆಯದು ಬೈಗುಳದ ನಂಟು. ‘ಸನ್ನಿ ಹಿಡಿದವನ ಹಾಗೆ ಆಡಬೇಡ’ ಅನ್ನುವ ಮಾತು ಎಲ್ಲರ ಕಿವಿಯಲ್ಲೂ ಇದೆ. ಇದು ನನಗೆ ಅಷ್ಟು ದೊಡ್ಡದಲ್ಲ. ಎರಡನೆಯದು ನಿಜವಾದ ಅಡ್ಡಿ: ಸನ್ನಿ ಅಂದಕೂಡಲೇ ಕೂಗಾಟ, ಹಾರಾಟ, ಬಡಬಡಿಕೆ ಕಣ್ಣಿಗೆ ಬರುತ್ತದೆ. ಆದರೆ ಡಿಲೀರಿಯಮ್‌ನಲ್ಲಿ ಸದ್ದಿಲ್ಲದ ಬಗೆಯೂ ಇದೆ, ಹಿರಿಯರಲ್ಲಿ ಅದು ಹೆಚ್ಚು, ಯಾರ ಗಮನಕ್ಕೂ ಬಾರದೆ ಹೋಗುವುದೂ ಅದೇ ಹೆಚ್ಚು. ರೋಗಿ ಸುಮ್ಮನೆ ಮಲಗಿರುತ್ತಾರೆ, ಕರೆದರೆ ನಿಧಾನಕ್ಕೆ ಕಣ್ಣು ಬಿಡುತ್ತಾರೆ, ಪ್ರಶ್ನೆ ಕೇಳಿದರೆ ಅರ್ಧ ಉತ್ತರ ಕೊಟ್ಟು ಎಲ್ಲೋ ಹೋಗಿಬಿಡುತ್ತಾರೆ. ‘ಪಾಪ, ಸುಸ್ತು, ಮಲಗಲಿ ಬಿಡಿ’ ಎಂದು ಮನೆಯವರು ಪಕ್ಕಕ್ಕೆ ಸರಿಯುತ್ತಾರೆ. ಇನ್ನು ಕೆಲವರು ಅದನ್ನು ಖಿನ್ನತೆ ಅಂದುಕೊಳ್ಳುತ್ತಾರೆ. ಈ ಸ್ಥಿತಿಗೆ ಕನ್ನಡ ಓದುಗರು ಸನ್ನಿ ಅನ್ನುವುದಿಲ್ಲ, ‘ಮಂಕು’ ಅನ್ನುತ್ತಾರೆ. ‘ಮಂಕು ಕವಿದಿದೆ’, ‘ಮಂಕಾಗಿ ಕೂತಿದ್ದಾರೆ’. ಸನ್ನಿಯೂ ಮಂಕೂ ಒಂದೇ ಕಾಯಿಲೆಯ ಎರಡು ಮುಖ ಎಂದು ಓದುಗರಿಗೆ ತಿಳಿಯಬೇಕು. ‘ಮಂಕುಸನ್ನಿ’ ಎಂದು ಜೋಡಿಸಿ ನೋಡಿದೆ. ಕಿವಿಗೆ ಒಗ್ಗುತ್ತದೆ ಅಂತ ನನಗನ್ನಿಸುತ್ತದೆ, ಆದರೆ ನಾನೇ ಕಟ್ಟಿದ್ದಕ್ಕೆ ನಾನೇ ತೀರ್ಪು ಕೊಡುವ ಹಾಗಿಲ್ಲ.

ವೈದ್ಯರು ಇದನ್ನು ಪತ್ತೆಮಾಡುವ ರೀತಿಯಲ್ಲೂ ಸುಳಿವಿದೆ. 1990ರಲ್ಲಿ ಬಂದ, ಇವತ್ತಿಗೂ ಎಲ್ಲೆಡೆ ಬಳಕೆಯಲ್ಲಿರುವ ಒಂದು ಪರೀಕ್ಷಾಕ್ರಮದಲ್ಲಿ ಎರಡು ಲಕ್ಷಣ ಇರಲೇಬೇಕು. ಒಂದು, ದಿಢೀರ್ ಶುರುವಾಗಿ ಏರಿಳಿಯುವುದು. ಎರಡು, ಗಮನ ನಿಲ್ಲದಿರುವುದು. ಇವುಗಳ ಜೊತೆಗೆ ಮಾತಿನ ಎಳೆ ತಪ್ಪುವುದೋ ಎಚ್ಚರದ ಮಟ್ಟ ಬದಲಾಗುವುದೋ ಒಂದು ಸೇರಿದರೆ ಸಾಕು. ಬಡಬಡಿಕೆ ಬೇಕೇಬೇಕೆಂದಿಲ್ಲ. ತಿಂಗಳ ಹೆಸರುಗಳನ್ನು ಡಿಸೆಂಬರ್‌ನಿಂದ ಹಿಂದುಹಿಂದಕ್ಕೆ ಹೇಳಿ ಎಂದು ಕೇಳುವುದು ಗಮನ ನೋಡುವ ಒಂದು ಬಗೆ. ಡಿಲೀರಿಯಮ್ ಇದ್ದವರು ನವೆಂಬರ್, ಅಕ್ಟೋಬರ್ ಎಂದು ಶುರುಮಾಡಿ ಅಲ್ಲೇ ಕಳೆದುಹೋಗುತ್ತಾರೆ. ಹಾಗಾಗಿ ‘ಚಿತ್ತಭ್ರಮೆ’, ‘ಮತಿಭ್ರಮಣೆ’ ನನಗೆ ಸರಿಬರುತ್ತಿಲ್ಲ. ಇಲ್ಲಿ ಮುಖ್ಯವಾಗಿ ಕೆಡುವುದು ಗಮನ, ಭ್ರಮೆ ಬಂದರೆ ಆಮೇಲೆ. ಅಲ್ಲದೆ ಆ ಎರಡೂ ಪದಗಳು ಓದುಗರನ್ನು ನೇರ ಹುಚ್ಚಿನ ಕಡೆಗೆ ಕರೆದೊಯ್ಯುತ್ತವೆ. ಡಿಲೀರಿಯಮ್‌ನ ಒಂದಷ್ಟು ಪಾಲನ್ನು ತಡೆಯಬಹುದು ಎನ್ನುವುದೂ ಓದುಗರಿಗೆ ಮುಟ್ಟಬೇಕು. 1999ರಲ್ಲಿ ಪ್ರಕಟವಾದ, ಆಸ್ಪತ್ರೆ ಸೇರಿದ 852 ಹಿರಿಯರ ಅಧ್ಯಯನದಲ್ಲಿ (ಇವರು ಆಪರೇಷನ್‌ಗಾಗಿ ಸೇರಿದವರಲ್ಲ) ನಿದ್ದೆ, ನೀರು, ಓಡಾಟ, ಕಣ್ಣು, ಕಿವಿ ಮೊದಲಾದವನ್ನು ಕಾಳಜಿಯಿಂದ ನೋಡಿಕೊಂಡ ಗುಂಪಿನಲ್ಲಿ 9.9% ಜನಕ್ಕೆ ಇದು ಬಂತು, ಉಳಿದವರಲ್ಲಿ 15%ಗೆ.

ಇನ್ನೊಂದು ತಾಪತ್ರಯ. 2018ರಲ್ಲಿ ತಜ್ಞರು ಕೂಡಿ ಹೆಸರುಗಳನ್ನೇ ಹೊಸದಾಗಿ ಜೋಡಿಸಿದರು. ಡಿಲೀರಿಯಮ್ ಒಂದು. ಆಪರೇಷನ್ ಆದ 30 ದಿನದವರೆಗೆ ನೆನಪು, ಯೋಚನೆ ಮೊದಲಿನಂತಾಗದಿದ್ದರೆ ಅದು ಇನ್ನೊಂದು, ಅಲ್ಲಿಂದ 12 ತಿಂಗಳವರೆಗೆ ಎಳೆದರೆ ಮತ್ತೊಂದು. ಕೊನೆಯ ಎರಡಕ್ಕೆ ನಾನು ‘ತಡವಾದ ಚೇತರಿಕೆ’, ‘ಉಳಿದುಹೋದ ಮಂಕು’ ಎಂದು ಬರೆದಿದ್ದೇನೆ. ಆದರೆ ‘ಮಂಕು’ ಇಲ್ಲಿ ಬಳಸಿದರೆ ‘ಮಂಕುಸನ್ನಿ’ಯ ಜೊತೆ ಗೋಜಲಾಗುತ್ತದೆ. ಇದಕ್ಕೆ ನಿಮ್ಮಲ್ಲಿ ಯಾರಿಗಾದರೂ ದಾರಿ ಹೊಳೆದರೆ ಹೇಳಿ.

ಎರಡನೆಯದು ರಿಮಿಷನ್, ಅಂದರೆ ರೋಗದ ಲಕ್ಷಣಗಳು ಸದ್ಯಕ್ಕೆ ಇಳಿದಿರುವ ಅಥವಾ ಕಾಣದಂತಾಗಿರುವ ಹಂತ. ರಕ್ತದ ಕ್ಯಾನ್ಸರಿಗೂ ಖಿನ್ನತೆಗೂ ಇಂಗ್ಲಿಷಿನಲ್ಲಿ ಇದೇ ಪದ. ಮಕ್ಕಳಲ್ಲಿ ಬರುವ ತೀವ್ರ ಲಿಂಫೋಬ್ಲಾಸ್ಟಿಕ್ ಲುಕೇಮಿಯಾದಲ್ಲಿ ಹೆಚ್ಚಿನವರು ಚಿಕಿತ್ಸೆಯ ಮೊದಲ ತಿಂಗಳ ಹೊತ್ತಿಗೇ ಈ ಹಂತ ಮುಟ್ಟುತ್ತಾರೆ: ಮೂಳೆಮಜ್ಜೆಯಲ್ಲಿ ಬ್ಲಾಸ್ಟ್ ಎಂಬ ಬಲಿಯದ ಜೀವಕೋಶಗಳು 5%ಗಿಂತ ಕೆಳಗೆ ಇಳಿದಿರುತ್ತವೆ. ಆದರೂ ಔಷಧ ಎರಡು ಮೂರು ವರ್ಷ ನಡೆಯಲೇಬೇಕು. ಇಲ್ಲಿ ‘ಗುಣವಾಗಿದೆ’ ಎಂದು ಬರೆದರೆ ಓದಿದವರು ಮಾತ್ರೆ ನಿಲ್ಲಿಸುತ್ತಾರೆ. ಪತ್ರಿಕೆಗಳಲ್ಲಿ ಅದನ್ನೇ ಬರೆಯುತ್ತಾರೆ, ನನಗೆ ಪ್ರತಿಸಲವೂ ಸಿಟ್ಟು ಬರುತ್ತದೆ. ಖಿನ್ನತೆಯಲ್ಲೂ ಹಾಗೇ. ಒಂಬತ್ತು ಪ್ರಶ್ನೆಗಳ, ಒಟ್ಟು 27 ಅಂಕದ ಪಿಎಚ್‌ಕ್ಯೂ ಪಟ್ಟಿಯಲ್ಲಿ 5ಕ್ಕಿಂತ ಕಡಿಮೆ ಬಂದರೆ ರಿಮಿಷನ್ ಅನ್ನುತ್ತಾರೆ, ಮಾತ್ರೆ ಅಂದೇ ನಿಲ್ಲುವುದಿಲ್ಲ.

ನಿಘಂಟು ತೆಗೆದರೆ ‘ಉಪಶಮನ’ ಸಿಗುತ್ತದೆ. ಅರ್ಥಕ್ಕೆ ಹತ್ತಿರ, ಆದರೆ ಈಗ ಆಗಲೇ, ರೋಗಿಯ ನೋವು, ತೊಂದರೆ ತಗ್ಗಿಸಲು ಕೊಡುವ ಪ್ಯಾಲಿಯೇಟಿವ್ ಕೇರ್‌ಗೆ ‘ಉಪಶಮನ ಆರೈಕೆ’ ಎಂದು ನೆಲೆಗೊಂಡಿದೆ. ಒಂದೇ ಕೈಪಿಡಿಯಲ್ಲಿ ‘ನಿಮ್ಮ ರೋಗ ಉಪಶಮನಗೊಂಡಿದೆ’, ‘ನಿಮಗೆ ಉಪಶಮನ ಆರೈಕೆ ಬೇಕು’ ಎರಡೂ ಬಂದರೆ ಗತಿಯೇನು? ಮೊದಲನೆಯದು ಸಂತಸದ ಸುದ್ದಿ, ಎರಡನೆಯದನ್ನು ಜನ ಕೊನೆಗಾಲದ ಮಾತೆಂದು ಕೇಳಿಸಿಕೊಳ್ಳುತ್ತಾರೆ. ಹಾಗೆ ಕೇಳಿಸಿಕೊಳ್ಳುವುದೂ ಸರಿಯಲ್ಲ ಅನ್ನಿ. 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾದ 151 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಮೊದಲಿಂದಲೇ ಈ ಆರೈಕೆ ಕೊಟ್ಟರು. ಆ ಗುಂಪಿನಲ್ಲಿ ಖಿನ್ನತೆಯ ಲಕ್ಷಣ 16%, ಇನ್ನೊಂದರಲ್ಲಿ 38%. ಬದುಕುಳಿದ ಅವಧಿಯ ಮಧ್ಯಾಂಕ 11.6 ತಿಂಗಳು, ಇನ್ನೊಂದರಲ್ಲಿ 8.9. (ಇದನ್ನು ‘ಸರಾಸರಿ’ ಅಂತ ಬರೆಯುವವರಿಗೆ ಒಂದು ಮನವಿ: ಶಾಲೆಯ ಗಣಿತ ಪುಸ್ತಕದಲ್ಲೇ ‘ಮಧ್ಯಾಂಕ’ ಇದೆ, ದಯವಿಟ್ಟು ಬಳಸಿ.)

ನನ್ನ ಸಲಹೆ ‘ಬಿಡುವು’. ಜ್ವರ ‘ಬಿಟ್ಟಿತು’ ಅನ್ನುತ್ತೇವೆ, ಮಳೆ ‘ಬಿಡುವು ಕೊಟ್ಟಿದೆ’ ಅನ್ನುತ್ತೇವೆ. ಎರಡರಲ್ಲೂ ಇನ್ನು ಬರುವುದೇ ಇಲ್ಲ ಎಂಬ ಭರವಸೆ ಇಲ್ಲ, ಈಗ ಇಲ್ಲ ಎಂಬುದು ಮಾತ್ರ ಖಚಿತ. ‘ಪೂರ್ಣ ಬಿಡುವು’, ‘ಭಾಗಶಃ ಬಿಡುವು’ ಎಂದು ಎರಡು ಬಗೆಗಳನ್ನೂ ಹೇಳಬಹುದು. ಖಿನ್ನತೆಗೂ ಹೊಂದುತ್ತದೆ. ಒಬ್ಬ ಗೆಳೆಯರು ‘ಬಿಡುವು ಅಂದರೆ ರಜೆ ಅಂದುಕೊಳ್ಳುತ್ತಾರೆ, ಮುಗಿದಮೇಲೆ ಬಂದೇ ಬರುತ್ತದೆ ಅನ್ನಿಸುತ್ತದೆ’ ಎಂದರು. ಆ ಭಯ ಹುಟ್ಟಿಸುವುದೂ ತಪ್ಪೇ. ಹಾಗಾಗಿ ‘ಹತೋಟಿಗೆ ಬಂದಿದೆ’ ಎನ್ನುವುದನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ, ಆದರೆ ಅದು ಸಕ್ಕರೆ ಕಾಯಿಲೆಗೆ, ಬಿಪಿಗೆ ಹೇಳುವ ಮಾತಾಗಿಹೋಗಿದೆ.

ಮೂರನೆಯದು ಡಿಸ್ಟ್ರೆಸ್. ಇದನ್ನು ಕ್ಯಾನ್ಸರ್ ವೈದ್ಯದಲ್ಲಿ ಬೇಕೆಂದೇ ಆರಿಸಿಕೊಂಡರು. ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯನ್ನೇ ಒಂದು ಶಾಖೆಯಾಗಿ ಬೆಳೆಸಿದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಮತ್ತು ಅವರ ಜೊತೆಗಾರರು 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಮಾರ್ಗಸೂಚಿ ಬರೆಯುವಾಗ ‘ಮಾನಸಿಕ’, ‘ಮನೋವೈದ್ಯಕೀಯ’ ಎಂಬ ಹಣೆಪಟ್ಟಿಗೆ ಜನ ಹಿಂಜರಿಯುತ್ತಾರೆಂದು ಈ ಸಾದಾ ಪದ ಹಿಡಿದರು. ಮಾಮೂಲಿ ಬೇಸರ, ಹೆದರಿಕೆಯಿಂದ ಹಿಡಿದು ಕೈಕಾಲು ಆಡದಷ್ಟು ಖಿನ್ನತೆ, ಗಾಬರಿಯವರೆಗೆ ಎಲ್ಲವೂ ಇದರಲ್ಲಿ ಅಡಕ. ಥರ್ಮಾಮೀಟರಿನ ಚಿತ್ರ ಕೊಟ್ಟು 0ಯಿಂದ 10ರೊಳಗೆ ಗುರುತುಹಾಕಿಸುತ್ತಾರೆ. 4 ಅಥವಾ ಅದಕ್ಕೂ ಮೇಲಾದರೆ ಮುಂದೆ ವಿಚಾರಿಸುತ್ತಾರೆ.

ಕನ್ನಡದಲ್ಲಿ ಮೊದಲು ‘ಸಂಕಟ’ ಎಂದು ಹಾಕಿದೆ. ಎಲ್ಲರಿಗೂ ಗೊತ್ತಿರುವ ಪದ, ಹಣೆಪಟ್ಟಿಯ ವಾಸನೆ ಇಲ್ಲ. ಆದರೆ ಕೀಮೋ ಹಾಕಿಸಿಕೊಂಡವರ ಮುಂದೆ ಹೋಗಿ ‘ಸಂಕಟ ಎಷ್ಟಿದೆ?’ ಎಂದು ಕೇಳಿ ನೋಡಿ. ‘ಬೆಳಗ್ಗೆ ಎರಡು ಸಲ ವಾಂತಿ ಆಯ್ತು, ಈಗ ಪರವಾಗಿಲ್ಲ’ ಅನ್ನುತ್ತಾರೆ. ಹೊಟ್ಟೆಯ ಸಂಕಟಕ್ಕೆ ಅವರು 7 ಕೊಟ್ಟರೆ ನಾವು ಮನಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ‘ಯಾತನೆ’ ಅಂದರೆ ಮೈನೋವು ಅನ್ನುತ್ತಾರೆ. ‘ಒತ್ತಡ’ ಅಂದರೆ ಆಫೀಸಿನ ಕೆಲಸ, ಇಲ್ಲವೇ ರಕ್ತದೊತ್ತಡ. ‘ಬೇಗುದಿ’, ‘ದುಗುಡ’ ನನಗೆ ಇಷ್ಟ, ಆದರೆ ಅಂಕ ಕೊಡುವ ಪ್ರಶ್ನೆಯಲ್ಲಿ ಕವಿತೆಯ ಹಾಗೆ ಕೇಳುತ್ತವೆ. ಕೊನೆಗೆ ನಾಮಪದವನ್ನೇ ಬಿಟ್ಟು ‘ಕಳೆದ ಒಂದು ವಾರದಲ್ಲಿ ಮನಸ್ಸಿಗೆ ಎಷ್ಟು ಭಾರ ಅನ್ನಿಸಿದೆ?’ ಎಂದು ಬರೆದೆ. ಭಾರ ಅಳೆಯುವ ವಸ್ತುವೇ ಆದ್ದರಿಂದ 0ಯಿಂದ 10 ಸರಾಗವಾಗಿ ಕೂರುತ್ತದೆ. ಆತಂಕ, ಗಾಬರಿ ‘ಭಾರ’ದೊಳಗೆ ಬರುತ್ತವೆಯೇ ಎಂಬುದೊಂದೇ ಅನುಮಾನ. ‘ತಳಮಳ’ವನ್ನೂ ಸೇರಿಸಿ ‘ಭಾರ ಅಥವಾ ತಳಮಳ’ ಎಂದರೆ ಪ್ರಶ್ನೆ ಎರಡಾಗುತ್ತದೆ.

ನಾಲ್ಕನೆಯದು ಚಿಕ್ಕದು, ಆಕ್ಟಿವ್ ಸರ್ವೇಲನ್ಸ್: ಗಡ್ಡೆ ಪತ್ತೆಯಾದರೂ ಆಪರೇಷನ್ ಮಾಡದೆ, ಗೊತ್ತಾದ ಅವಧಿಗೊಮ್ಮೆ ಪರೀಕ್ಷೆ ಮಾಡುತ್ತ, ಬೆಳೆಯುವ ಲಕ್ಷಣ ಕಂಡರೆ ಮಾತ್ರ ಚಿಕಿತ್ಸೆಗೆ ಇಳಿಯುವ ಕ್ರಮ. ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 1,643 ಗಂಡಸರ ಮೇಲೆ ನಡೆದ ಪ್ರಯೋಗದ 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಹೀಗೆ ಕಾದವರು, ಆಪರೇಷನ್ ಮಾಡಿಸಿಕೊಂಡವರು, ವಿಕಿರಣ ಪಡೆದವರು ಎಲ್ಲ ಸೇರಿ ಆ ಕ್ಯಾನ್ಸರಿನಿಂದ ಸತ್ತವರು 2.7% ಮಾತ್ರ, ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಇರಲಿಲ್ಲ. ಆದರೆ ರೋಗ ಬೇರೆಡೆಗೆ ಹರಡಿದ್ದು ಕಾದವರಲ್ಲಿ 9.4%, ಆಪರೇಷನ್ ಆದವರಲ್ಲಿ 4.7%. ಕಾದವರಲ್ಲೂ ಸುಮಾರು 61% ಮಂದಿ ಮುಂದೆ ಯಾವಾಗಲೋ ಆಪರೇಷನ್ ಅಥವಾ ವಿಕಿರಣದಂಥ ಚಿಕಿತ್ಸೆಗೆ ಹೋದರು. ಸ್ತನದ ಹಾಲ್ನಾಳದೊಳಗೇ ಉಳಿದ ಆರಂಭದ ಹಂತಕ್ಕೂ ಇದೇ ಕ್ರಮ ಹೊಂದುತ್ತದೆಯೇ ಎಂದು ನೋಡಿದ ಪ್ರಯೋಗದ ಎರಡು ವರ್ಷದ ಫಲಿತಾಂಶ 2024ರ ಕೊನೆಗೆ ಬಂದಿದೆ.

ಇದಕ್ಕೆ ‘ಸಕ್ರಿಯ ನಿಗಾ’ ಎಂದು ಬರೆದರೆ ‘ತೀವ್ರ ನಿಗಾ ಘಟಕ’ದ ನೆನಪಾಗಿ ರೋಗಿ ಐಸಿಯುನಲ್ಲಿ ಇದ್ದಾರೆ ಅಂದುಕೊಳ್ಳುತ್ತಾರೆ. ‘ಕಣ್ಗಾವಲು’ ಪೊಲೀಸರದ್ದು. ‘ಕಾದು ನೋಡುವುದು’ ಸೊಗಸಾದ ನುಡಿಗಟ್ಟು, ಆದರೆ ಅದನ್ನು ಇನ್ನೊಂದು ಕ್ರಮಕ್ಕೆ ಉಳಿಸಿಕೊಳ್ಳಬೇಕಿದೆ: ಪದೇಪದೇ ಪರೀಕ್ಷೆಗೆ ಎಳೆಯದೆ, ತೊಂದರೆ ಕಾಣಿಸಿದಾಗ ಮಾತ್ರ ಅದಕ್ಕೆ ತಕ್ಕ ಔಷಧ ಕೊಡುವುದು. ಹೆಚ್ಚಾಗಿ ತೀರಾ ವಯಸ್ಸಾದವರಿಗೆ ಹೇಳುವ ಕ್ರಮ ಅದು. ಸದ್ಯಕ್ಕೆ ನಾನು ‘ತಪಾಸಣೆಯಲ್ಲಿಡುವುದು’ ಎಂದು ಬರೆಯುತ್ತಿದ್ದೇನೆ.

‘ಸನ್ನಿ’ ಮತ್ತು ‘ಮಂಕು’ ನಿಮ್ಮ ಕಡೆ ಮಾತಿನಲ್ಲಿ ಯಾವ ಯಾವ ಸ್ಥಿತಿಗೆ ಬಳಕೆಯಾಗುತ್ತವೆ ಎಂಬುದನ್ನು, ಆದರೆ ಒಂದು ಪೂರ್ತಿ ವಾಕ್ಯದ ಸಮೇತ, ಬರೆದು ತಿಳಿಸಿ. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಯಾರಾದರೂ ಬಳಗದಲ್ಲಿದ್ದರೆ, ಸದ್ದಿಲ್ಲದೆ ಮಂಕಾದ ರೋಗಿಯ ಬಗ್ಗೆ ಮನೆಯವರಿಗೆ ನೀವು ಯಾವ ಮಾತಿನಲ್ಲಿ ಹೇಳುತ್ತೀರಿ ಎಂಬುದು ಗೊತ್ತಾದರೆ ನನಗೆ ಅದೇ ಹೆಚ್ಚು ಉಪಯೋಗ.