‘ಉಷ್ಣದ್ವೀಪ’ದ ಮುಂದೆ ‘ತಡೆ’ಯೋ, ‘ತೊಡಕೋ’?

ಪ್ರಶ್ನೆ

ನಮಸ್ಕಾರ. ನಗರಸಭೆಗಳಿಗಾಗಿ ಒಂದು ಕೈಪಿಡಿಯ ಅನುವಾದ ನಡೆದಿದೆ. ನಗರದ ಶಾಖ ತಗ್ಗಿಸುವ ಕ್ರಮಗಳು ಜಾರಿಗೆ ಬಾರದಿರಲು ಕಾರಣವೇನು ಎಂಬುದು ಅದರ ಒಂದು ಅಧ್ಯಾಯ. ಕರಡಿನಲ್ಲಿ ‘ಬ್ಯಾರಿಯರ್ಸ್’ ‘ಉಷ್ಣ ತಡೆಗಳು’ ಆಗಿದೆ, ‘ಕೂಲ್ ರೂಫ್’ ‘ತಂಪು ಛಾವಣಿ’, ‘ಆಲ್ಬಿಡೊ’ (ಮೇಲ್ಮೈ ಮರಳಿಸುವ ಬಿಸಿಲಿನ ಪಾಲು) ‘ಹೊಳಪು’, ‘ಸ್ಪ್ಲಿಟ್ ಇನ್ಸೆಂಟಿವ್’ ‘ಒಡೆದ ಪ್ರೋತ್ಸಾಹ’. ಓದುವವರು ವಾರ್ಡ್ ಎಂಜಿನಿಯರುಗಳು, ಮೇಸ್ತ್ರಿಗಳು, ಮನೆ ಮಾಲೀಕರು. ಇವುಗಳಲ್ಲಿ ಯಾವುದನ್ನು ಉಳಿಸಬಹುದು?

ಉತ್ತರ 1

‘ಉಷ್ಣ ತಡೆ’ಯನ್ನು ಮೊದಲು ತೆಗೆಯಿರಿ. ಮೇಸ್ತ್ರಿಗೆ ಆ ಮಾತು ಕೇಳಿದರೆ ನೆನಪಾಗುವುದು ತಾರಸಿಯ ಮೇಲೆ ಹಾಸುವ ಥರ್ಮೋಕೋಲ್ ಹಲಗೆ, ಅಂದರೆ ಬಿಸಿಲನ್ನು ಒಳಗೆ ಬಿಡದ ಪದರ. ಕೈಪಿಡಿ ದೂರುತ್ತಿರುವುದೇ ಅವನಿಗೆ ಪರಿಹಾರವಾಗಿ ಕಾಣುತ್ತದೆ. ‘ಅಡೆತಡೆ’ ತಪ್ಪಲ್ಲ, ಆದರೆ ಅದರಲ್ಲಿ ಯಾರೋ ಅಡ್ಡ ನಿಂತ ಧ್ವನಿ ಇದೆ. ಇಲ್ಲಿ ಆಗಿರುವುದು ನೂಲು ಸಿಕ್ಕುಗಟ್ಟಿದಂಥ ಸ್ಥಿತಿ. ‘ತೊಡಕು’ ಸಾಕು.

‘ಉಷ್ಣದ್ವೀಪ’, ಅಂದರೆ ಹೊರವಲಯಕ್ಕಿಂತ ಬಿಸಿಯಾಗಿ ಉಳಿಯುವ ಊರು, ಪತ್ರಿಕೆಗಳಲ್ಲಿ ರೂಢಿಗೆ ಬಂದಿದೆ, ಇರಲಿ. ಆದರೆ ಆಡುಮಾತಿನಲ್ಲಿ ‘ಉಷ್ಣ’ ಮೈಗೆ ಸೇರಿದ್ದು. ಉಷ್ಣ ಆಗಿದೆ ಎಂದರೆ ಎಳನೀರು ಕುಡಿ ಎನ್ನುತ್ತಾರೆಯೇ ಹೊರತು ತಾರಸಿಗೆ ಸುಣ್ಣ ಹೊಡೆಸು ಎನ್ನುವುದಿಲ್ಲ. ತಗಡಿನಿಂದ ಮುಖಕ್ಕೆ ಬಡಿಯುವುದು ಝಳ, ಮಂಗಳೂರಿನಲ್ಲಿ ಬೆವರು ಆರಗೊಡದ್ದು ಸೆಕೆ, ಹೊತ್ತು ಮುಳುಗಿದ ಮೇಲೂ ಕಾಂಕ್ರೀಟಿನಲ್ಲಿ, ಡಾಂಬರಿನಲ್ಲಿ ಉಳಿಯುವುದು ಕಾವು. ಊರಿನ ತೊಂದರೆ ಮುಖ್ಯವಾಗಿ ಈ ಮೂರನೆಯದು. ಹವಾಮಾನ ಅಭ್ಯಾಸಿ ಲ್ಯೂಕ್ ಹೋವರ್ಡ್ ಎರಡು ಶತಮಾನದ ಹಿಂದೆ ಲಂಡನ್ನಿನಲ್ಲಿ ಗುರುತಿಸಿದ್ದೂ ಇದನ್ನೇ: ಊರಿಗೂ ಹೊರವಲಯಕ್ಕೂ ವ್ಯತ್ಯಾಸ ಎದ್ದು ಕಾಣುವುದು ರಾತ್ರಿ. ಇನ್ನು ‘ದ್ವೀಪ’ಕ್ಕೂ ನೀರಿಗೂ ಸಂಬಂಧವಿಲ್ಲ. ಒಂದೇ ತಾಪಮಾನದ ಜಾಗಗಳನ್ನು ಗೆರೆಯಿಂದ ಕೂಡಿಸಿದರೆ ಊರಿನ ಸುತ್ತ ಬಳೆಗಳು ಮೂಡಿ ನಕ್ಷೆಯ ಮೇಲೆ ನಡುಗಡ್ಡೆಯಂತೆ ಕಾಣುತ್ತದೆ, ಅಷ್ಟೆ. ಮೊದಲ ಸಲ ಬಂದಾಗ ‘ರಾತ್ರಿಯೂ ಆರದ ಊರ ಕಾವು’ ಎಂದು ಬಿಡಿಸಿ ಹೇಳಿ. ‘ಕಾವುದ್ವೀಪ’ ಎಂದು ಕಟ್ಟಿದರೆ ಕನ್ನಡ, ಸಂಸ್ಕೃತ ಪದ ಬೆರೆತ ಅರಿಸಮಾಸವೆಂದು ಈ ಬಳಗದಲ್ಲೇ ಇಬ್ಬರು ಏಳುತ್ತಾರೆ.

‘ಹೊಳಪು’ ಅಪಾಯದ ಪದ. ಹೊಸ ತಗಡು ಹೊಳೆಯುತ್ತದೆ, ಬಿಸಿಲನ್ನು ಸಾಕಷ್ಟು ಮರಳಿಸುತ್ತದೆ, ಆದರೂ ಮುಟ್ಟಲಾಗದಷ್ಟು ಸುಡುತ್ತದೆ. ಹೀರಿದ ಚೂರು ಶಾಖವನ್ನೂ ಅದು ಸುಲಭಕ್ಕೆ ಹೊರಹಾಕದಿರುವುದೇ ಕಾರಣ. ಸುಣ್ಣದ ಬಿಳುಪಿಗೆ ಹೊಳಪಿಲ್ಲ, ಆದರೆ ಅದು ಎರಡೂ ಕೆಲಸ ಮಾಡುತ್ತದೆ. ಹಾಗಾಗಿ ಎರಡು ಪದ ಬೇಕು: ‘ಬಿಸಿಲು ಮರಳಿಸುವಿಕೆ’ ಮತ್ತು ‘ಶಾಖ ಹೊರಸೂಸುವಿಕೆ’. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2017 ಕೂಡ ಎರಡನ್ನೂ ಬೇರೆಬೇರೆಯಾಗಿ ಅಳೆಯುತ್ತದೆ. ಇಳಿಜಾರು 20 ಡಿಗ್ರಿಗಿಂತ ಕಡಿಮೆ ಇರುವ ಛಾವಣಿಗೆ ಬಳಿದ ಹೊಸದರಲ್ಲಿ ಮೊದಲನೆಯದು ಕನಿಷ್ಠ 0.60, ಎರಡನೆಯದು ಕನಿಷ್ಠ 0.90 ಇರಬೇಕು. ಕೈಪಿಡಿಯಲ್ಲಿ ‘ಹೊಳೆಯುವ ಬಣ್ಣ’ ಎಂದು ಅಚ್ಚಾದರೆ ಅಂಗಡಿಯವನು ಅಲ್ಯೂಮಿನಿಯಂ ಪೇಂಟ್ ಡಬ್ಬ ಎತ್ತಿಕೊಡುತ್ತಾನೆ.

‘ಒಡೆದ ಪ್ರೋತ್ಸಾಹ’ ಯಾರಿಗೂ ತಿಳಿಯದು. ‘ಖರ್ಚು ಮಾಲೀಕರದು, ತಂಪು ಬಾಡಿಗೆಯವರದು’ ಎಂದು ಬರೆದರೆ ವಿವರಣೆಯೇ ಬೇಡ. ಕರಾರು 11 ತಿಂಗಳದ್ದು, ಬಣ್ಣ ಬಾಳುವುದು ಕೆಲವು ವರ್ಷ, ಹಾಗಾಗಿ ಬಾಡಿಗೆಯವರು ಕೈಯಿಂದ ಹಾಕುವುದಿಲ್ಲ. ಫ್ಲಾಟುಗಳಲ್ಲಿ ಇದೇ ತೊಡಕು ಮೇಲಿಂದ ಕೆಳಕ್ಕೆ ಇಳಿಯುತ್ತದೆ. ತಾರಸಿ ಎಲ್ಲರದು, ಅದರ ಬಿಸಿ ತಟ್ಟುವುದು ಕೊನೆಯ ಮಹಡಿಗೆ ಮಾತ್ರ. ನೆಲಮಹಡಿಯವರು ಸಂಘದ ಸಭೆಯಲ್ಲಿ ಕೈ ಎತ್ತುವುದು ಏಕೆ?

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ, ‘ಛಾವಣಿ’ಯೊಂದನ್ನು ಬಿಟ್ಟು. ಹಳೇ ಮೈಸೂರಿನ ಕಡೆ ಆರ್‌ಸಿಸಿ ಇದ್ದರೆ ತಾರಸಿ, ತಗಡೋ ಸಿಮೆಂಟೋ ಆದರೆ ಶೀಟು, ಧಾರವಾಡದ ಕಡೆ ಮಾಳಿಗೆ. ‘ತಂಪು ತಾರಸಿ’ ಎಂದರೆ ಹಲವರು ಕೈತೋಟ ಎಂದುಕೊಳ್ಳುತ್ತಾರೆ. ‘ಬಿಳಿ ತಾರಸಿ’ ಸ್ಪಷ್ಟ. ಆದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಮರಳಿಸುವ ಬೂದು, ಕೆಂಪು ಬಣ್ಣಗಳೂ ಇರುವುದರಿಂದ ಅದೂ ಪೂರ್ತಿ ಸರಿಯಲ್ಲ. ತಲೆಬರಹಕ್ಕೆ ‘ತಂಪು ಛಾವಣಿ’, ಒಳಗಿನ ಕೆಲಸದ ಭಾಗಕ್ಕೆ ‘ಬಿಳಿ ತಾರಸಿ’, ‘ಬಿಳಿ ಶೀಟು’ ಮಾಡಿ.

ಆ ಕೆಲಸದ ಭಾಗದಲ್ಲಿ ಕರಡು ‘ಮೇಲ್ಮೈ ಸಿದ್ಧತೆ’ ಎಂದಷ್ಟೇ ಹೇಳಿ ಮುಗಿಸಿದ್ದರೆ ಬಿಡಿಸಿ ಬರೆಯಿರಿ: ಪಾಚಿ ಉಜ್ಜಿ ತೆಗೆಯುವುದು, ಬಿರುಕು ಮುಚ್ಚುವುದು, ತೊಳೆದು ಪೂರಾ ಒಣಗಿಸುವುದು, ಮೊದಲ ಕೋಟ್ ಆರಿದ ಮೇಲೆ ಎರಡನೆಯದನ್ನು ಅಡ್ಡಡ್ಡ ಬಳಿಯುವುದು. ತೇವದ ಕಾಂಕ್ರೀಟಿನ ಮೇಲೆ ಬಳಿದರೆ ಒಳಗಿನ ನೀರು ಆವಿಯಾಗಿ ಗುಳ್ಳೆ ಎದ್ದು ಸುಲಿಯುತ್ತದೆ. ಅಂಟು ಸೇರಿಸದ ಸುಣ್ಣ ಕಾಲಿಗೆ ಹತ್ತಿ ಕೆಳಗಿಳಿಯುತ್ತದೆ, ಉಳಿದದ್ದು ಮಳೆಗಾಲದಲ್ಲಿ ತೊಳೆದುಹೋಗುತ್ತದೆ. ದೂಳು ಕೂತ ಬಿಳುಪು ಬಿಸಿಲನ್ನು ಕಡಿಮೆ ಮರಳಿಸುತ್ತದೆ, ಆದ್ದರಿಂದ ಬೇಸಿಗೆಗೆ ಮುನ್ನ ಒಮ್ಮೆ ತೊಳೆಯುವ ಮಾತೂ ಬರಲಿ. ‘ನಿರ್ವಹಣಾ ಕೊರತೆ’ ಎಂಬ ತೊಡಕಿಗೆ ತಾರಸಿಯಲ್ಲಿರುವ ಹೆಸರು ಪಾಚಿ, ದೂಳು.

ಕೊನೆಗೆ ಕ್ರಿಯಾಪದ. ಮೂಲದ ‘ಶಲ್’ ಮತ್ತು ‘ಶುಡ್’ ಎರಡಕ್ಕೂ ‘ಮಾಡಬೇಕು’ ಎಂದರೆ ಕಾನೂನೂ ಸಲಹೆಯೂ ಕಲಸಿಹೋಗುತ್ತವೆ. ಕಡ್ಡಾಯಕ್ಕೆ ‘ಮಾಡತಕ್ಕದ್ದು’, ಸಲಹೆಗೆ ‘ಮಾಡುವುದು ಒಳ್ಳೆಯದು’. ತೆಲಂಗಾಣದ 2023ರ ತಂಪು ಛಾವಣಿ ನೀತಿಯಲ್ಲಿ ಈ ಗೆರೆ ಬಹಳ ಮುಖ್ಯ. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ, ವಾಸದ ಮನೆಗಾದರೆ ನಿವೇಶನ 600 ಚದರ ಗಜ ಮುಟ್ಟಿದ ಮೇಲೆ ಮಾತ್ರ. ಹೆಚ್ಚು ಸುಡುವ ಶೀಟಿನ ಸಣ್ಣ ಮನೆಗಳು ಐಚ್ಛಿಕದ ಕಡೆ ಉಳಿಯುತ್ತವೆ. ಮೇಲೆ ಹೇಳಿದ 2017ರ ಕಟ್ಟಡ ಸಂಹಿತೆಯೂ 100 ಕಿಲೋವ್ಯಾಟ್ ಇಲ್ಲವೇ ಹೆಚ್ಚಿನ ವಿದ್ಯುತ್ ಭಾರದ ಕಟ್ಟಡಗಳ ಮಾತು, ಮನೆಗಳದ್ದಲ್ಲ. ‘ಮಾಡಬೇಕು’ ಎಂದು ಓದಿದ ಮಾಲೀಕರು ಯಾವ ನಿಯಮದಲ್ಲಿದೆ ಎಂದು ಕೇಳಿದರೆ ವಾರ್ಡ್ ಎಂಜಿನಿಯರ್ ಏನು ತೋರಿಸಬೇಕು?

ಪ್ರಶ್ನೆ ಕೇಳಿದವರಿಂದ

ಧನ್ಯವಾದ. ‘ತೊಡಕು’ ಹಾಕಿದೆ, ‘ಹೊಳಪು’ ತೆಗೆದೆ. ‘ಶಾಖ ಹೊರಸೂಸುವಿಕೆ’ ಮಾತ್ರ ಕೋಷ್ಟಕದ ಕಿರಿದಾದ ಅಂಕಣದಲ್ಲಿ ಹಿಡಿಸುತ್ತಿಲ್ಲ. ‘ಕಾವುಬಿಡಿಕೆ’ ಎಂದರೆ ಕಿವಿಗೆ ಹೇಗೆ ಕೇಳುತ್ತದೆ?