ಎಸಿಎಸ್‌ಪಿ ಜಿ003 ಅಂದರೆ ದುಡ್ಡು ಎಲ್ಲಿದೆ?

ಕೋಥ್ರೂಡ್ ಕನ್ನಡತಿ (ಪುಣೆ):
ಜರ್ಮನಿಯ ಕ್ಲೈಂಟ್ ಯೂರೋ ಕಳಿಸಿದ್ದಾರೆ. ಸ್ವಿಫ್ಟ್ (ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲ) ಟ್ರ್ಯಾಕಿಂಗ್‌ನಲ್ಲಿ ಮೊದಲು ಎಸಿಎಸ್‌ಪಿ ಜಿ000 ಇತ್ತು, ಈಗ ಜಿ003. ಶಾಖೆಯಲ್ಲಿ ಕೇಳಿದರೆ ‘ಬಂದೇ ಇಲ್ಲ’ ಅಂತಾರೆ. ಏನು ಮಾಡಲಿ?

ಫೋರೆಕ್ಸ್ ಡೆಸ್ಕ್ (ಮುಂಬೈ):
ಮೇಡಂ, ಎಸಿಎಸ್‌ಪಿ ಅಂದರೆ ಇನ್ನೂ ಪ್ರಕ್ರಿಯೆಯಲ್ಲಿದೆ ಅಂತಷ್ಟೆ. ಅದರ ಬಾಲದಲ್ಲಿರೋ ಜಿ ಸಂಖ್ಯೆ ನೋಡಬೇಕು. ಜಿ000: ಮುಂದಿನ ಬ್ಯಾಂಕಿಗೆ ದಾಟಿದೆ. ಜಿ001: ದಾಟಿದೆ, ಆದರೆ ಅಲ್ಲಿಂದಾಚೆ ಟ್ರ್ಯಾಕ್ ಆಗಲ್ಲ. ಜಿ002: ಅದೇ ದಿನ ಜಮಾ ಆಗೋದು ಖಾತ್ರಿಯಿಲ್ಲ. ಜಿ004: ಸಂದೇಶ ಬಂದಿದೆ, ಹಣಕ್ಕೆ ಕಾಯ್ತಿದ್ದಾರೆ. ನಿಮ್ಮದು ಜಿ003, ಅಂದರೆ ಪಡೆಯುವವರ ದಾಖಲೆ ಬಾಕಿ. ನೀವು ಕೊಡೋವರೆಗೂ ಅದು ಅಲ್ಲಾಡಲ್ಲ.

ಜಮಾ ಆಗದ ಮೊತ್ತ ಕೌಂಟರಿನವರ ಪರದೆಯಲ್ಲಿ ಹೆಚ್ಚಾಗಿ ಕಾಣೋದಿಲ್ಲ, ಅವರ ಜೊತೆ ಜಗಳ ದಂಡ. ಕ್ಲೈಂಟ್‌ನಿಂದ ಯುಇಟಿಆರ್ ತರಿಸಿಕೊಳ್ಳಿ (ಆ ಪಾವತಿಗೆ ಮಾತ್ರ ಇರೋ ಟ್ರ್ಯಾಕಿಂಗ್ ಸಂಖ್ಯೆ, ಅಡ್ಡಗೆರೆ ಸೇರಿ 36 ಅಕ್ಷರ). ಅದನ್ನು ಹಾಕಿ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೇ ಮೇಲ್ ಮಾಡಿ.

ವಾಸ್ಕೋ ಲೆಕ್ಕಿಗ (ಗೋವಾ):
ಮೇಲ್ ಜೊತೆಗೇ ಇನ್‌ವಾಯ್ಸ್ ಮತ್ತು ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತು ಅಂತ ಹೇಳೋ ಕೋಡ್) ಕೊಟ್ಟುಬಿಡಿ. ಸಾಫ್ಟ್‌ವೇರ್ ಕನ್ಸಲ್ಟೆನ್ಸಿ ಆದರೆ ಪಿ0802. ಇನ್‌ವಾಯ್ಸ್‌ನ ಹೆಸರಿಗೂ ಖಾತೆಯ ಹೆಸರಿಗೂ ತಾಳೆಯಾಗಲಿ. ಒಂದರಲ್ಲಿ ಸಂಸ್ಥೆ, ಇನ್ನೊಂದರಲ್ಲಿ ವ್ಯಕ್ತಿ ಇದ್ದರೆ ಮತ್ತೆ ಪ್ರಶ್ನೆ ಬರುತ್ತೆ. ಸುಮ್ಮನೆ ಬಿಟ್ಟರೆ ಹಣ ವಾಪಸ್ ಹೋಗಬಹುದು.

ಫೋರೆಕ್ಸ್ ಡೆಸ್ಕ್ (ಮುಂಬೈ):
ಹೌದು. ಎಸಿಸಿಸಿ ಬಂದರೆ ಜಮಾ ಆಯ್ತು, ಆರ್‌ಜೆಸಿಟಿ ಬಂದರೆ ತಿರಸ್ಕಾರ. ಎಸಿಸಿಸಿ ಆದರೂ ಮೊತ್ತ ಕಡಿಮೆ ಕಂಡರೆ ಶುಲ್ಕದ ಕಾಲಂ ನೋಡಿ: ‘ಎಸ್‌ಎಚ್‌ಎ’ (ಶುಲ್ಕ ಇಬ್ಬರಿಗೂ ಹಂಚಿಕೆ) ಇದ್ದರೆ ಮಧ್ಯದ ಬ್ಯಾಂಕು ದಾರಿಯಲ್ಲೇ ಶುಲ್ಕ ಮುರಿದುಕೊಂಡಿರುತ್ತೆ.